ಇಂದುಮತಿ ಆರಿಸದ ಕ್ಲಚ್ಚು

ನಾನು ಒಂದು ಕ್ಲಚ್ಚು. ಎಂಜಿನ್ನಿಗೂ ಗೇರಿನ ಪೆಟ್ಟಿಗೆಗೂ ನಡುವೆ ಕತ್ತಲಲ್ಲಿ ಕೂತಿರುವುದು ನನ್ನ ಬಾಳು. ಕಾರು ಓಡಿಸುವವರು ಎಡಗಾಲಿನಿಂದ ಪೆಡಲು ಒತ್ತಿದರೆ ಹಿಡಿತ ಬಿಡುತ್ತೇನೆ, ಕಾಲೆತ್ತಿದರೆ ಮತ್ತೆ ಹಿಡಿಯುತ್ತೇನೆ. ಮನೆಬಳಕೆಯ ಕಾರುಗಳಲ್ಲಿರುವ ನನ್ನ ಬಳಗದವರು ಮೆತ್ತನೆಯವರು. ನಾನು ಹಾಗಲ್ಲ. ಕೊಯಮತ್ತೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನನ್ನನ್ನು ರೇಸಿಗೆಂದೇ ಮಾಡಿದರು. ನನ್ನ ತಟ್ಟೆಗೆ ತಾಮ್ರದ ಪುಡಿ ಬೆರೆಸಿ ಸುಟ್ಟ ಗಟ್ಟಿ ಬಿಲ್ಲೆಗಳನ್ನು ಕೂರಿಸಿದರು. ಅದನ್ನು ಅದುಮಿ ಹಿಡಿಯುವ ಸ್ಪ್ರಿಂಗನ್ನು ದಪ್ಪ ಉಕ್ಕಿನಲ್ಲಿ ಮಾಡಿದರು. ನನ್ನನ್ನು ಪರೀಕ್ಷೆಗೆ ಹಾಕಿ ಪೆಡಲು ಒತ್ತಿದವನು ತೊಡೆ ಉಜ್ಜಿಕೊಂಡು ನಕ್ಕ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಅಲ್ಲಿಂದ ಬೆಳಗಾವಿಯ ಪೋತದಾರರ ಅಂಗಡಿಗೆ ಬಂದೆ. ಪೋತದಾರರು ರೇಸಿನ ಬಿಡಿಭಾಗಗಳನ್ನು ಮಾರುವವರು, ತಲೆ ನರೆತವರು. ಗಿರಾಕಿಗೆ ಬೇಡವಾದದ್ದನ್ನು ಗಂಟುಹಾಕುವ ಜಾಯಮಾನ ಅವರದಲ್ಲ. ಇಂದುಮತಿ ಹೂಲಿಯನ್ನು ನಾನು ಮೊದಲು ನೋಡಿದ್ದು ಅಲ್ಲಿ. ಹುಬ್ಬಳ್ಳಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಹೆಂಗಸು, ಮಣ್ಣಿನ ಹಾದಿಯ ರ‍್ಯಾಲಿಗಳಲ್ಲಿ ಹೆಸರು ಮಾಡಿದವಳು. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಅವಳ ಸ್ಕೂಟರಿಗೆ ತಾಗಿ ಎಡಮೊಣಕಾಲು ಮುರಿದಿತ್ತು. ಆಪರೇಷನ್ನಿನ ನಂತರ ಇದೇ ಮೊದಲ ಸಲ ಮತ್ತೆ ರ‍್ಯಾಲಿಗೆ ಇಳಿಯುವವಳಿದ್ದಳು. ಜೊತೆಗೆ ಅರವಿಂದ ಹಂಚಿನಾಳ ಬಂದಿದ್ದ. ಅವಳ ಪಕ್ಕದ ಸೀಟಿನಲ್ಲಿ ಕೂತು, ಹಾಳೆ ನೋಡಿ ಮುಂದಿನ ತಿರುವುಗಳನ್ನು ಕೂಗಿ ಹೇಳುತ್ತಿದ್ದವನು ಅವನು. ಅವಳ ಕಾರನ್ನು ರಿಪೇರಿ ಮಾಡುತ್ತಿದ್ದುದೂ ಅವನದೇ ಗ್ಯಾರೇಜಿನಲ್ಲಿ.

ಕಾರು ಸಣ್ಣದು, ಟರ್ಬೋ ಎಂಜಿನ್ನಿನದು. ಅರವಿಂದ ಅದರ ಟರ್ಬೋ ಒತ್ತಡ ಏರಿಸಿ ತಾಕತ್ತು ಹೆಚ್ಚಿಸಿದ್ದ. ಕಂಪನಿಯಿಂದ ಬಂದ ಕ್ಲಚ್ಚು ಅದನ್ನು ತಾಳಲಿಲ್ಲ. ಏರಿನಲ್ಲಿ ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ, ಸುಟ್ಟ ವಾಸನೆ ಬರುತ್ತಿತ್ತು. ಪೋತದಾರರು ನನ್ನನ್ನೂ ಇನ್ನೊಂದು ಕ್ಲಚ್ಚನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟರು.

ಇಂದುಮತಿ ನನ್ನನ್ನು ಎರಡೂ ಕೈಯಲ್ಲಿ ಎತ್ತಿ, ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ಇದು ಎಂಥಾ ತಾಕತ್ತನ್ನೂ ಹಿಡೀತದ, ಹೌದಲ್ರೀ ಮಾಮಾ?"

"ಹಿಡೀತದವ್ವ. ಆದ್ರ ಪೆಡಲು ಕಲ್ಲಿನಂಗ ಇರ್ತದ. ಮೆಲ್ಲಕ ಬಿಟ್ರೂ ಗಾಡಿ ಜಿಗೀತದ. ನಿನ್ನ ಎಂಜಿನ್ನಿಗೆ ಇಷ್ಟು ಬೇಕಾಗಿಲ್ಲ. ಆ ಇನ್ನೊಂದು ನೋಡು, ಬೇಕಾದ್ದಕ್ಕಿಂತ ಒಂದ್ ಕೈ ಹೆಚ್ಚೇ ಹಿಡೀತದ, ಪೆಡಲೂ ಹಗುರ."

ಅವಳು ನನ್ನನ್ನು ಬದಿಗೆ ಸರಿಸಿದಳು. "ಇದು ನನ್ನ ಕಾಲಿಗೆ ಆಗೂದಲ್ಲ. ಅದನ್ನ ಕೊಡ್ರಿ." ಅರವಿಂದ ನನ್ನನ್ನೇ ನೋಡುತ್ತಿದ್ದ.

ಕೆಲವು ದಿನಗಳ ಮೇಲೆ ಅವನೊಬ್ಬನೇ ಬಂದ. ಅವಳು ಆರಿಸಿದ್ದ ಕ್ಲಚ್ಚನ್ನು ಕಟ್ಟೆಯ ಮೇಲಿಟ್ಟು, "ನಮ್ಮ ಇಂದು ಮನಸ್ಸು ಬದಲಿಸ್ಯಾಳ ಮಾಮಾ. ಕಾಲು ಗಟ್ಟಿ ಆಗೇದಂತ. ಆ ಬಿರುಸಿಂದೇ ಬೇಕಂತ" ಎಂದ. ಪೋತದಾರರು ನನ್ನನ್ನು ಕೊಟ್ಟರು. ಹುಬ್ಬಳ್ಳಿಯವರೆಗೂ ನಾನು ಹಿಗ್ಗುತ್ತಲೇ ಹೋದೆ. ಬೇಡವೆಂದವಳೇ ಮತ್ತೆ ಕರೆಸಿಕೊಂಡಳಲ್ಲ ಎಂದು.

ಅರವಿಂದ ತನ್ನ ಕೈಯಾರೆ ನನ್ನನ್ನು ಜೋಡಿಸಿದ. ಒಮ್ಮೆ ಒಳಗೆ ಸೇರಿದರೆ ನಾನು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಲಘಟಗಿ ರಸ್ತೆಯ ಹಳೆಯ ಕಲ್ಲುಕ್ವಾರಿಯ ಬಯಲಿನಲ್ಲಿ ಇಂದುಮತಿ ಮೊದಲ ಸಲ ಕಾರು ಹತ್ತಿದಳು. ಪೆಡಲು ಒತ್ತಿದಳು. ಅರ್ಧ ಇಳಿಯಿತು. ಸೀಟಿಗೆ ಬೆನ್ನು ಆನಿಸಿ ಮತ್ತೆ ಒತ್ತಿದಳು. ಅವಳ ಪಾದ ನಡುಗುವುದು ಸ್ಪ್ರಿಂಗಿನ ತುದಿಯವರೆಗೂ ನನಗೆ ತಿಳಿಯುತ್ತಿತ್ತು. ಕಾರು ಮೇಕೆಯಂತೆ ಜಿಗಿದು ನಿಂತುಬಿಟ್ಟಿತು. ಹಲವು ಸಲ ಹಾಗೇ ಆಯಿತು. ಕೊನೆಗೆ ಅವಳು ಬಾಗಿಲು ತೆರೆದು, ಊದಿದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗಿಟ್ಟಳು.

"ಮಾಮಾ ಹಗುರ ಅಂದಿದ್ರಲ್ಲೋ," ಎಂದಳು ಅರವಿಂದನಿಗೆ.

"ಮಾರೋರು ಅಂತಾರ. ಇಷ್ಟು ತಾಕತ್ತಿನ ಗಾಡಿಗೆ ಯಾವ ಕ್ಲಚ್ಚಾದ್ರೂ ಹಿಂಗ, ಇಂದು. ನಿನ್ನ ಕಾಲಿಗೆ ಇನ್ನೂ ಬಲ ಬಂದಿಲ್ಲ, ಅಷ್ಟ."

ಆ ಮಾತು ಕೇಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ಅವಳು ನನ್ನನ್ನು ಕರೆಸಿಕೊಂಡೇ ಇರಲಿಲ್ಲ. ನಾನು ಯಾರೆಂದು ಹೇಳಲು ನನಗೆ ಬಾಯಿಲ್ಲ. ಅವಳಿಗೆ ಅವನ ಮಾತಿನಲ್ಲಿ ಸಂಶಯವಿಲ್ಲ.

ಅಂದಿನಿಂದ ಇಂದುಮತಿ ಬೆಳಗಾದರೆ ತನ್ನ ಮನೆಯ ಶೆಡ್ಡಿಗೆ ಬಂದು, ಎಂಜಿನ್ ಚಾಲೂ ಮಾಡದೆ, ಸುಮ್ಮನೆ ಕೂತು ಪೆಡಲು ಒತ್ತುತ್ತಿದ್ದಳು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒಳಗಿನಿಂದ ಅವಳ ತಾಯಿ ಚಹಾ ಆರುತ್ತದೆಂದು ಕರೆಯುತ್ತಿದ್ದರು. ಕೆಲವು ಬೆಳಿಗ್ಗೆ ಅರವಿಂದನೂ ಬಂದು ಶೆಡ್ಡಿನ ಬಾಗಿಲಿಗೆ ಒರಗಿ ನೋಡುತ್ತಿದ್ದ. "ಹಾಳಾದ ಕಾಲು," ಎಂದು ಅವಳು ತನ್ನ ತೊಡೆಗೆ ಗುದ್ದಿಕೊಂಡ ದಿನವೂ ಅವನು ಅಲ್ಲೇ ಇದ್ದ. ನಾನು ಮೆತ್ತಗಾಗಲು ಎಷ್ಟು ಬಯಸಿದೆ. ಆದರೆ ಉಕ್ಕು ಬಯಸಿದ ಮಾತ್ರಕ್ಕೆ ಬಾಗುವುದಿಲ್ಲ.

ರ‍್ಯಾಲಿ ಹತ್ತಿರ ಬಂತು. "ಈ ಸಲ ನೀ ಹೊಡಿ," ಎಂದಳು ಇಂದುಮತಿ. "ನಾ ಪಕ್ಕಕ್ಕ ಕೂತು ಓದ್ತೀನಿ."

"ಛೇ, ನಿನ್ನ ಗಾಡಿ ಅದು," ಎಂದ ಅರವಿಂದ. ಆಮೇಲೆ ಒಪ್ಪಿಕೊಂಡ.

ಅವನ ಕಾಲಿಗೆ ನಾನು ಭಾರವೆನಿಸಲಿಲ್ಲ. ಕೆಮ್ಮಣ್ಣಿನ ಹಾದಿಯಲ್ಲಿ ಕಾರು ಬಾಣದಂತೆ ಓಡಿತು. ಇಂದುಮತಿ ಒಂದು ತಿರುವನ್ನೂ ತಪ್ಪದೆ ಹೇಳಿದಳು. ತಮ್ಮ ವರ್ಗದಲ್ಲಿ ಮೊದಲು ಬಂದರು. ಅರವಿಂದನ ಕೊರಳಿಗೆ ಹಾರ ಬಿತ್ತು, ಜನ ಅವನನ್ನು ಸುತ್ತುವರಿದರು. ಇಂದುಮತಿ ಬಾನೆಟ್ ಎತ್ತಿ ಕಾರಿನ ಪಕ್ಕ ನಿಂತಿದ್ದಳು. ಆಗ ಪೋತದಾರರು ಬಂದರು.

"ನೀ ಯಾಕ ಹೊಡೀಲಿಲ್ಲವ್ವ?"

"ಕಾಲು ಸಾಲಲಿಲ್ಲ ಮಾಮಾ. ನಿಮ್ಮ ಹಗುರ ಕ್ಲಚ್ಚೂ ನನಗ ಭಾಳ ಬಿರುಸು ಬಂತು."

ಪೋತದಾರರು ಕನ್ನಡಕ ತೆಗೆದರು. "ಹಗುರಂದು ಎಲ್ಲದ? ಅದನ್ನ ಅರವಿಂದ ವಾಪಸ್ ಕೊಟ್ಟು ಬಿರುಸಿಂದು ಒಯ್ದನಲ್ಲ. ನೀನ ಹೇಳಿ ಕಳಿಸೀದಿ ಅಂದ."

ಇಂದುಮತಿ ಎತ್ತಿದ್ದ ಬಾನೆಟ್ಟನ್ನು ಇಳಿಸಿದಳು. "ಹೌದು ಮಾಮಾ, ನನಗ ಮರೆತಿತ್ತು," ಎಂದಳು. ಹಿರಿಯರು ನೊಂದುಕೊಂಡಾರು ಎಂದು ಹೇಳಿದ ಮಾತು ಅದು.

ಜನ ಚದುರಿದ ಮೇಲೆ ಅರವಿಂದ ನಗುತ್ತ ಬಂದ. ಅವಳು ಕೈ ಚಾಚಿದಳು. "ಕೀ ಕೊಡು."

ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು. "ನಿನ್ನ ಕಾಲಿನ ಚಿಂತಿ ಇತ್ತು, ಇಂದು. ಮತ್ತ ಏನರ ಆಗಿದ್ರ..."

"ನಾ ದಿನಾ ಮುಂಜಾನೆ ಪೆಡಲು ಒತ್ತೂದನ್ನ ನೀ ನೋಡ್ಕೋತ ನಿಂತಿದ್ದಿ. ಚಿಂತಿ ಇದ್ದವರು ಹಂಗ ನಿಲ್ಲಂಗಿಲ್ಲ."

ಅರವಿಂದ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಎಷ್ಟು ವರ್ಷ ಪಕ್ಕದಾಗ ಕೂತೀನಿ. ಒಂದ್ಸಲ ನನಗೂ ಹೊಡೀಬೇಕು ಅನ್ನಿಸ್ತು. ಕೇಳಿದ್ರ ನೀ ಕೊಡ್ತಿದ್ದಿ ಏನು?"

"ಕೊಡ್ತಿದ್ದೆ," ಎಂದಳು ಇಂದುಮತಿ.

ಅವನು ಕೀಯನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟು ಹೋದ.

ಬೇರೆ ಗ್ಯಾರೇಜಿನಲ್ಲಿ ನನ್ನನ್ನು ಬಿಚ್ಚಿ, ಹಗುರ ಪೆಡಲಿನದನ್ನು ಜೋಡಿಸಿದರು. ನನ್ನನ್ನು ಅವಳ ಶೆಡ್ಡಿನ ಮೂಲೆಯಲ್ಲಿ ಹಳೆಯ ಟೈರುಗಳ ಸಂದಿಯಲ್ಲಿ ಇಟ್ಟರು. ಒಂದು ಸಂಜೆ ಅರವಿಂದ ಮನೆಗೆ ಬಂದದ್ದು ಕೇಳಿಸಿತು. ತಾಯಿ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಇಂದುಮತಿ ಹೊರಗೆ ಬರಲಿಲ್ಲ. ಅವನು ಲೋಟ ಖಾಲಿ ಮಾಡಿ ಹೊರಟುಹೋದ.

ಅವಳು ಮತ್ತೆ ರ‍್ಯಾಲಿಗಳಿಗೆ ಇಳಿದಳು. ಪಕ್ಕದಲ್ಲಿ ಈಗ ಫರ್ಜಾನಾ ಎಂಬ ಹುಡುಗಿ, ಅವಳ ಡ್ರೈವಿಂಗ್ ಶಾಲೆಯಲ್ಲೇ ಕಲಿತವಳು. ಒಮ್ಮೆ ಅಭ್ಯಾಸ ಮುಗಿಸಿ ಬಂದವರು ಶೆಡ್ಡಿನಲ್ಲಿ ಮಾತಾಡುತ್ತಿದ್ದರು.

"ಅಕ್ಕಾ, ನಾ ಹಾದಿ ನೆಟ್ಟಗದ ಅಂದ ಮ್ಯಾಲೂ ನೀವು ದಿಬ್ಬದ ಹಂತ್ಯಾಕ ನಿಧಾನ ಮಾಡ್ತೀರಿ. ಅಲ್ಲೇ ಹೊತ್ತು ಹೋಗ್ತದ್ರೀ. ಕಾಲು ನೋಯ್ತದೇನು?"

ಇಂದುಮತಿ ಹೇಳಿದಳು, "ಎಡಗಾಲು ಈಗ ಆರಾಮದ. ಬಲಗಾಲು ಮಾತು ಕೇಳವಲ್ದು. ದಿಬ್ಬದ ಆಚೆ ಏನದ ಅಂತ ತಾನೇ ನೋಡೂ ತನಕ ಎಕ್ಸಲರೇಟರ್ ಒತ್ತವಲ್ದು. ನಿನ್ನ ತಪ್ಪೇನಿಲ್ಲ ಬಿಡವ್ವ."

ಫರ್ಜಾನಾ ಹಾಳೆಗಳನ್ನು ಮಡಚಿ ಇಟ್ಟಳು.

ಕೊನೆಗೆ ಶೆಡ್ಡು ತೆರವು ಮಾಡುವಾಗ ಇಂದುಮತಿಯೇ ನನ್ನನ್ನು ಗುಜರಿಗೆ ತಂದಳು. ಗುಜರಿಯವನು ನನ್ನನ್ನು ತಿರುಗಿಸಿ ನೋಡಿ, "ಹೊಸಾದರಂಗ ಅದಲ್ರೀ. ಏನಾಗೇದ ಇದಕ್ಕ?" ಎಂದ.

"ಏನೂ ಆಗಿಲ್ಲ. ಚಲೋ ಅದ," ಎಂದಳು.

ತುಕ್ಕು ಹಿಡಿದ ಬಾಗಿಲುಗಳ ಕೆಳಗೆ ಈಗ ಬಿದ್ದಿದ್ದೇನೆ. ಅವಳು ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವು. ಒಬ್ಬಳನ್ನು ಅವಳದೇ ಕಾರಿನಿಂದ ಹೊರಗಿಡಲು ನನ್ನ ಗಟ್ಟಿತನವನ್ನು ಬಳಸಿಕೊಂಡವನಿಗೆ ನನ್ನ ಬಗ್ಗೆಯೂ ಏನೂ ಅನ್ನಿಸಿರಲಾರದು. ಅಂದು ಅವಳು ಗುಜರಿಯ ಬಾಗಿಲು ದಾಟಿ ಹೋದದ್ದು ಕೇಳಿಸಿತು. ಕಾರು ಜಗ್ಗಲಿಲ್ಲ, ಜಿಗಿಯಲಿಲ್ಲ. ಒಂದು ಗೇರು, ಎರಡು, ಮೂರು, ಬೆಣ್ಣೆಯಂತೆ ಬದಲಾದವು. ರಸ್ತೆಯ ತಿರುವಿನಲ್ಲಿ ಮಾತ್ರ, ಬೇರೆ ಗಾಡಿಯ ಸದ್ದೇ ಇರದಿದ್ದರೂ, ಅವಳು ತಡೆದು ನಿಂತಳು. ಆಮೇಲೆ ನಿಧಾನವಾಗಿ ಹೊರಟಳು.