ಆಚೆ ದಿಕ್ಕಿನ ಬಾಗಿಲು

ಹೈದರಾಬಾದಿನ ಅಂಚಿನ ಗುಡ್ಡದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಇಳಿದು ಬಂದು, ಸಾಫ್ಟ್‌ವೇರ್ ಕಂಪನಿಯ ಕಟ್ಟಡ ಕಟ್ಟಲು ಕೂಸಿನೊಡನೆ ಬಂದಿದ್ದ ಕೂಲಿ ದಂಪತಿ ಬಸು, ಭಾಗ್ಯಶ್ರೀಯರ ಗುಡಿಸಲನ್ನು ಸುಟ್ಟುಹಾಕಿತು. ನಲ್ಲಿ ನೀರಿನ ಜಗಳವಾಗಿ ವರ್ಷದಿಂದ ಅವರೊಡನೆ ಮಾತು ಬಿಟ್ಟಿದ್ದ ಪಕ್ಕದ ಗದಿಗೆಮ್ಮ ತನ್ನ ತಗಡಿನ ಶೆಡ್ಡಿನಲ್ಲಿ ಅರ್ಧ ಜಾಗ ಖಾಲಿ ಮಾಡಿದಳು.

"ಕೂಸಿನ ಸಲುವಾಗಿ ಕರಿಯಾಕತ್ತೀನಿ. ನೀ ಬೈದದ್ದು ನಾ ಮರ್ತಿಲ್ಲ."

"ಬ್ಯಾರೆ ದಿಕ್ಕಿದ್ರ ನಿನ್ನ ಹೊಸ್ತಿಲಾ ತುಳೀತಿದ್ದಿಲ್ಲ," ಎಂದಳು ಭಾಗ್ಯಶ್ರೀ.

ಎಂಟು ದಿನ ಗದಿಗೆಮ್ಮ ರೊಟ್ಟಿ ಬಡಿದು ಬುಟ್ಟಿಯನ್ನು ನಡುವೆ ಕುಕ್ಕಿದಳು. ಭಾಗ್ಯಶ್ರೀ ಬೆನ್ನು ತಿರುಗಿಸಿ ಕೂತು ಉಂಡಳು. ಒಂಬತ್ತನೆಯ ದಿನ ಬಸು ಹೊಸ ಗುಡಿಸಲಿಗೆ ಗಳ ನಿಲ್ಲಿಸಿದಾಗ, ಭಾಗ್ಯಶ್ರೀ ಬಾಗಿಲನ್ನು ಗದಿಗೆಮ್ಮನ ಶೆಡ್ಡಿಗೆ ಬೆನ್ನಾಗುವಂತೆ ಆಚೆ ದಿಕ್ಕಿಗೆ ಇಡಿಸಿದಳು.

"ಚಲೋ ಆತು, ನಿನ್ನ ಮಾರಿ ನೋಡೋದು ತಪ್ಪಿತು," ಎನ್ನುತ್ತಲೇ ಗದಿಗೆಮ್ಮ, ವಾಲುತ್ತಿದ್ದ ಮೂಲೆಯ ಗಳವನ್ನು ಬಸು ಬಿಗಿಯುವವರೆಗೂ ಎರಡೂ ಕೈಯಲ್ಲಿ ಹಿಡಿದು ನಿಂತಳು.