ಮೂವತ್ತೊಂಬತ್ತರ ಕರೋಲ

ಹದಿನೆಂಟು ವರ್ಷ ದಾರಿಯಲ್ಲಿ ಒಮ್ಮೆಯೂ ಕೈಕೊಡದ ಕಾರಿನ ಮಾನವನ್ನು ಒಂದು ತಗಡಿನ ತುಂಡು ಒಂದೇ ವಾರದಲ್ಲಿ ಕಳೆದುಬಿಟ್ಟಿತು. ಕಾಬೂಲಿನ ಸೂಲಗಿತ್ತಿ ಜರ್ಮೀನಾಳ ಬಿಳಿ ಕರೋಲ ಕಾರಿಗೆ ಬಂದ ಹೊಸ ನಂಬರ್ ಪ್ಲೇಟಿನಲ್ಲಿ ಮೂವತ್ತೊಂಬತ್ತು ಇತ್ತು. ಹಿಂದೆಂದೋ ಯಾವನೋ ತಲೆಹಿಡುಕನ ಕಾರಿಗೆ ಆ ನಂಬರಿತ್ತಂತೆ. ಅವನನ್ನು ಕಂಡವರಿಲ್ಲ, ಅವನ ಕಾರನ್ನು ಕಂಡವರೂ ಇಲ್ಲ. ಆದರೂ ಊರಿಗೆ ಊರೇ ಆ ಅಂಕಿ ಕಂಡರೆ ಹಲ್ಲು ಕಿರಿಯುತ್ತಿತ್ತು. ಆ ನಂಬರು ಗಂಟುಬಿದ್ದವರು ಪ್ಲೇಟಿಗೆ ಕೆಸರು ಮೆತ್ತಿಕೊಂಡು ಓಡಾಡುತ್ತಿದ್ದರು. ಜರ್ಮೀನಾ ಮಾತ್ರ ತನ್ನದನ್ನು ದಿನವೂ ಒರೆಸಿ ಫಳಫಳ ಹೊಳೆಸುತ್ತಿದ್ದಳು.

ಅವತ್ತು ಬೆಳಿಗ್ಗೆ ಮೈದುನ ಹೋಮಾಯೂನ್ ಮತ್ತೆ ಬಂದು ಬಾನೆಟ್ಟಿಗೆ ಒರಗಿ ನಿಂತ.

"ಅತ್ತಿಗೆ, ಇದನ್ನ ಮಾರ್ಬಿಡಿ. ರೊಟ್ಟಿ ಸುಡೋ ನಾನ್‌ಬಾಯಿ ಅಂಗಡೀಲಿ ನಿಂತ್ರೆ 'ಬಾರಪ್ಪ ಮೂವತ್ತೊಂಬತ್ತು, ವ್ಯಾಪಾರ ಹೆಂಗಿದೆ?' ಅಂತಾರೆ."

"ನಿನ್ನ ಹೊಸ ಜೀಪು ಕೆಟ್ಟು ಮಲಗಿದಾಗ ನಿನ್ನ ಹೆಂಡ್ತೀನ ಆಸ್ಪತ್ರೆಗೆ ಹೊತ್ಕೊಂಡು ಹೋಗಿದ್ದು ಯಾವ್ದಪ್ಪಾ?"

"ಅದು ಬೇರೆ. ಇದು ಮಾನದ ವಿಷಯ."

"ಕೆಟ್ಟಿರೋದು ತಗಡಲ್ಲ, ನಿಮ್ಮ ತಲೆ."

ಮಾತು ಮುಗಿಯುವುದರೊಳಗೆ ಗುಡ್ಡದ ಮೇಲಿನ ಮನೆಯ ಮೀರ್ವೈಸ್ ಓಡುತ್ತ ಬಂದ. ಹೆಂಡತಿ ಶಕೀಬಾಳಿಗೆ ನಸುಕಿನಿಂದ ನೋವು. ಹಿಮಗಟ್ಟಿದ ಆ ಏರಿಗೆ ಟ್ಯಾಕ್ಸಿಯವರು ಬರಲೊಲ್ಲರು. ಜರ್ಮೀನಾ ಅವನನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದಳು, ಕರೋಲ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಚೈನು ಕಟ್ಟಿದ ಚಕ್ರಗಳು ಹಿಮ ಕಚ್ಚಿಕೊಂಡು ಮೇಲೇರಿದವು.

ಜರ್ಮೀನಾ ಶಕೀಬಾಳ ಹೊಟ್ಟೆ ಮುಟ್ಟಿ ನೋಡಿದಳು. ಮಗು ಅಡ್ಡ ಮಲಗಿತ್ತು.

"ಮನೇಲಿ ಆಗಲ್ಲ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು, ಎತ್ತು."

ಹೆಂಡತಿಯನ್ನು ಅಂಗಳಕ್ಕೆ ತಂದ ಮೀರ್ವೈಸ್ ಆಗಷ್ಟೇ ಪ್ಲೇಟು ನೋಡಿದ. ಮುಖ ಕಪ್ಪಿಟ್ಟಿತು. "ಇದ್ರಲ್ಲಾ? ನನ್ನ ಹೆಂಡ್ತಿ ಇದ್ರಲ್ಲಿ ಕೂತಿದ್ದನ್ನ ಬಜಾರೆಲ್ಲ ನೋಡಲ್ವಾ, ಅಕ್ಕಾ?" ಹೆಗಲ ಮೇಲಿನ ಉಣ್ಣೆಯ ಚಾದರ ತೆಗೆದು ಪ್ಲೇಟಿನ ಮೇಲೆ ಹೊದಿಸಿದ.

ಜರ್ಮೀನಾ ಅದನ್ನು ಕಿತ್ತಳು. "ತಗಡಿಗೆ ಚಳಿಯಾಗಲ್ಲ ಕಣೋ!" ಎಂದು ಶಕೀಬಾಳ ಮೈಗೆ ಸುತ್ತಿದಳು.

ಗೋಡೆ ಹಿಡಿದು ನಿಂತಿದ್ದ ಶಕೀಬಾ ಗಂಡನತ್ತ ತಿರುಗಿದಳು. "ಏನ್ರೀ, ನಾನು ಸತ್ರೆ ನಿಮ್ಮ ಮಾನ ಉಳಿಯುತ್ತಾ? ಆ ಕಡೆ ಸರೀರಿ!" ಬಾಗಿಲನ್ನು ತಾನೇ ಎಳೆದು ಹಿಂದಿನ ಸೀಟಿಗೆ ಹತ್ತಿದಳು. ಮೀರ್ವೈಸನೂ ಹತ್ತಿದ, ಆದರೆ ಸೀಟಿನ ಮೇಲಲ್ಲ, ಯಾರ ಕಣ್ಣಿಗೂ ಬೀಳದಂತೆ ಹೆಂಡತಿಯ ಕಾಲ ಬುಡದಲ್ಲಿ ಮುದುಡಿಕೊಂಡ.

ಇಳಿಜಾರು ದಾಟಿ ಬಜಾರು ಹೊಕ್ಕಾಗ ಕೈಗಾಡಿಗಳು ಅಡ್ಡವಾದವು. ಕಿತ್ತಳೆ ಮಾರುವವನು ಪ್ಲೇಟು ಓದಿ ಶಿಳ್ಳೆ ಹಾಕಿದ. "ಓಹೋ, ಮೂವತ್ತೊಂಬತ್ತು! ಅದೂ ಹೆಂಗಸಿನ ಕೈಯಲ್ಲಿ!" ಸುತ್ತಲಿನ ಅಂಗಡಿಗಳೆಲ್ಲ ಗೊಳ್ಳೆಂದವು.

ಜರ್ಮೀನಾ ಹಾರನ್ ಒತ್ತಿದಳು, ಕೈ ಎತ್ತಲಿಲ್ಲ. ಹಿಂದಿನ ಕಿಟಕಿ ಇಳಿಯಿತು. ಬೆವರಿಗೆ ಕೂದಲಂಟಿದ ಶಕೀಬಾಳ ಮುಖ ಹೊರಬಂತು.

"ಹೌದು ಕಣ್ರೋ, ಮೂವತ್ತೊಂಬತ್ತೇ! ಒಳಗೆ ಹೆರ್ತಾ ಇದೀನಿ! ಗಾಡಿ ತೆಗೀತೀರೋ, ನಿಮ್ಮ ಹಣ್ಣಿನ ಮೇಲೇ ಹೆರಲೋ?"

ನಗು ಬಾಯಲ್ಲೇ ನಿಂತಿತು. ಕಿತ್ತಳೆಯವನು ತಡಬಡಿಸಿ ಗಾಡಿ ಹಿಂದೆಳೆದ. ಜರ್ಮೀನಾ ಗೇರು ಹಾಕಿ ಸಂದಿನಲ್ಲಿ ಕಾರನ್ನು ಆಸ್ಪತ್ರೆಯತ್ತ ನುಗ್ಗಿಸಿದಳು.