ಗೇಣು ಮತ್ತು ಎರಡು ಬೆರಳು

“ಈಗಲೂ ಹಿಮ್ಮಡಿ ಏಳ್ತಿದೆಯಾ?”

“ಏಳ್ತಿದೆ.”

ರುಪೆರ್ತೊ ಚಿಕ್ಕಪ್ಪ ಬೂಟಿನ ದಾರವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಹಲ್ಲು ಕಚ್ಚಿ ಎಳೆದ. ದೆಲ್ಮಿರಾ ಬೆಂಚು ಬಿಟ್ಟೆದ್ದು, ಮೊಣಕಾಲು ಮುಂದೆ ಬಾಗಿಸಿ ಕಾಲ್ಬೆರಳುಗಳ ಮೇಲೆ ಭಾರ ಬಿಟ್ಟಳು. ಬೂಟು ನೆಲಕ್ಕೆ ಅಂಟಿಕೊಂಡೇ ಇತ್ತು. ಅದರೊಳಗೆ ಅವಳ ಹಿಮ್ಮಡಿ ಮಾತ್ರ, ಬಾವಿಯಿಂದ ಕೊಡ ಮೇಲೆ ಬಂದ ಹಾಗೆ, ಯಾವ ಅಡ್ಡಿಯೂ ಇಲ್ಲದೆ ಮೇಲೆದ್ದಿತು.

“ಇನ್ನು ಬಿಗಿದ್ರೆ ದಾರ ಕಿತ್ತು ಬರುತ್ತೆ ಕಣೆ,” ಎಂದು ಚಿಕ್ಕಪ್ಪ ನೆಲದ ಮೇಲೇ ಕೂತ. “ದಾರದ ತಪ್ಪಲ್ಲ ಇದು, ಬೂಟಿನ ತಪ್ಪೂ ಅಲ್ಲ. ನಮ್ಮನೆ ಕಾಲೇ ಹೀಗೆ. ಕಲ್ಲು ಹತ್ತೋಕೆ ಮಾಡಿರೋದು. ಹಿಮದ ಹಲಗೆ ಮೇಲೆ ನಿಲ್ಲು ಅಂದ್ರೆ ಅದಾದ್ರೂ ಏನು ಮಾಡುತ್ತೆ?”

ಬಾಡಿಗೆ ಬೂಟಿನ ಶೆಡ್ಡಿನ ಕಿಟಕಿಯಿಂದ ಅವನ ಮಗ ಲಿಸಾಂದ್ರೊ ತಲೆ ತೂರಿಸಿದ. ಜನರನ್ನು ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಎಳೆಹಗ್ಗದ ಯಂತ್ರ ಚಾಲೂ ಮಾಡುವ ಮೊದಲು ಇಲ್ಲಿ ಬಂದು ಒಂದು ಮಾತು ಬಿಸಾಡಿ ಹೋಗದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ.

“ಏನಪ್ಪಾ, ಬೆಳ್ಬೆಳಿಗ್ಗೇನೇ ಬಾತುಕೋಳಿಗೆ ಲಾಳ ಹೊಡೀತಿದ್ದೀಯಾ?”

ಉತ್ತರಗಳು ದೆಲ್ಮಿರಾಗೆ ಯಾವಾಗಲೂ ಒಂದು ಗಂಟೆ ತಡವಾಗಿ, ಒಬ್ಬಳೇ ಇದ್ದಾಗ ಹೊಳೆಯುತ್ತಿದ್ದವು.

ಗುಡ್ಡ ಊರಿನವರದು. ಎಳೆಹಗ್ಗ ಅವರದು. ಟಿಕೆಟ್ ಹರಿಯುವವರು, ದಾರಿಯ ಹಿಮ ಬಾಚುವವರು, ತೋರ್ತಾ ಎಂಬ ಎಣ್ಣೆರೊಟ್ಟಿ ಕರಿದು ಮಾರುವವರು ಎಲ್ಲ ಊರಿನ ಮಾಪುಚೆ ಮೂಲನಿವಾಸಿಗಳೇ. ಹಿಮದ ಹಲಗೆಯ ಮೇಲೆ ಜಾರುವುದನ್ನು ಕಲಿಸುವವನು ಮಾತ್ರ ಪ್ರತಿ ಚಳಿಗಾಲಕ್ಕೂ ನಗರದಿಂದ ಬರುತ್ತಿದ್ದ. ಕಲಿಸುವುದಕ್ಕೆ ಬೇಕಾದ ಪರೀಕ್ಷೆ ಪಾಸಾದವರು ಊರಲ್ಲಿ ಯಾರೂ ಇರಲಿಲ್ಲ. ಹೋದ ವರ್ಷ ದೆಲ್ಮಿರಾ ಪರೀಕ್ಷೆಗೆ ಕೂತಿದ್ದಳು, ಕಡಿದಾದ ಇಳಿಜಾರಿನಲ್ಲಿ ಬಿದ್ದಿದ್ದಳು. ಈ ಶನಿವಾರ ಪರೀಕ್ಷಕರು ಮೊದಲ ಬಾರಿಗೆ ಇವರ ಗುಡ್ಡಕ್ಕೇ ಬರುವವರಿದ್ದರು. ಈ ಸಲವೂ ಆಗದಿದ್ದರೆ ನಗರದ ಹುಡುಗನ ಜೊತೆ ಐದು ವರ್ಷಕ್ಕೆ ಒಪ್ಪಂದ ಎಂದು ಹಿರಿಯರ ಸಭೆ ತೀರ್ಮಾನಿಸಿಯಾಗಿತ್ತು. ಸಭೆಯಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತ್ತು.

ಬಿದ್ದ ದಿನ ಮಾಗ್ದಾ ಎಂಬ ಪರೀಕ್ಷಕಿ ಹೇಳಿದ ಮಾತು ಅವಳ ಕಿವಿಯಲ್ಲೇ ಉಳಿದಿತ್ತು. “ನಿನ್ನ ತಲೆ ತಿರುಗುತ್ತೆ, ಸೊಂಟ ತಿರುಗುತ್ತೆ, ಹಲಗೆ ಮಾತ್ರ ಆಮೇಲೆ ಯೋಚನೆ ಮಾಡುತ್ತೆ. ಹಿಮ್ಮಡಿ ನೋಡ್ಕೋ.” ಅದನ್ನು ಅವಳು ಕಾಲಿನ ಬಲಹೀನತೆ ಎಂದು ತಿಳಿದು, ಬೇಸಿಗೆಯಿಡೀ ಮೇಕೆಗಳ ಹಿಂದೆ ಮೇಲಿನ ಹುಲ್ಲುಗಾವಲಿಗೆ ಹತ್ತಿ ಇಳಿದು ಮೀನಖಂಡವನ್ನು ಕಲ್ಲು ಮಾಡಿಕೊಂಡಳು. ಈಗ ಕಾಲಿಗೆ ಬಲ ಬಂದಿತ್ತು, ಹಿಮ್ಮಡಿ ಇನ್ನೂ ಜೋರಾಗಿ ಏಳುತ್ತಿತ್ತು.

ಚಿಕ್ಕಪ್ಪ ಗಿರಾಕಿಗಳ ಕಡೆ ಹೋದ ಮೇಲೆ ಅವಳು ಬೂಟು ಬಿಚ್ಚಿದಳು. ಒಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ಎರಡೂ ಅಜ್ಜಿ ಹೆಣೆದದ್ದು, ರೊಟ್ಟಿಯಷ್ಟು ದಪ್ಪ. ಆ ಊರಿನಲ್ಲಿ ಚಳಿಗಾಲದ ಬೂಟೆಂದರೆ ಹಾಗೆಯೇ: ಮಕ್ಕಳಿಗೆ ಬೆಳೆಯಲಿ ಎಂದು, ದೊಡ್ಡವರಿಗೆ ಉಣ್ಣೆಗೆ ಜಾಗ ಇರಲಿ ಎಂದು, ಎರಡು ನಂಬರು ಜಾಸ್ತಿಯೇ ತೆಗೆದುಕೊಳ್ಳುವುದು. ಬೇಸರದಲ್ಲಿ ಅವಳು ಎರಡನ್ನೂ ಕಿತ್ತು ಪಕ್ಕಕ್ಕೆಸೆದು ಬರಿಗಾಲನ್ನು ಬೂಟಿಗೆ ಇಳಿಸಿದಳು. ಕಾಲನ್ನು ಮುಂದೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಆರಾಮಾಗಿ ಹಿಡಿಯಿತು. ಅಕ್ಕಪಕ್ಕದಲ್ಲಿ ಮಾತ್ರ ಬೂಟು ಸರಿಯಾಗಿ ತಬ್ಬಿಕೊಂಡಿತ್ತು.

ಆಗ ಅವಳಿಗೆ ಅರ್ಥವಾಯಿತು. ಇಷ್ಟು ವರ್ಷ ತನ್ನ ಪಾದದ ಅಗಲಕ್ಕೆಂದು ಉದ್ದದ ಬೂಟನ್ನು ಹಾಕಿಕೊಂಡು ತಿರುಗಿದ್ದಳು. ಉಳಿದ ಉದ್ದಕ್ಕೆ ಉಣ್ಣೆ ತುಂಬಿದ್ದಳು. ಒತ್ತಿದರೆ ಉಣ್ಣೆ ಕುಗ್ಗುತ್ತದೆ. ಅವಳು ತಿರುವಿಗೆಂದು ಹಿಮ್ಮಡಿ ಎತ್ತಿದಾಗ ಅದು ಮೊದಲು ಬೂಟಿನೊಳಗೇ ಒಂದು ಪ್ರಯಾಣ ಮುಗಿಸಿ, ಹಲಗೆಗೆ ಸುದ್ದಿ ಮುಟ್ಟುವ ಹೊತ್ತಿಗೆ ತಿರುವು ಹಿಂದೆ ಉಳಿದುಬಿಡುತ್ತಿತ್ತು.

ಗೂಟದಿಂದ ಎರಡು ನಂಬರು ಚಿಕ್ಕದಾದ, ಮೂವತ್ತಾರರ ಬೂಟು ಇಳಿಸಿ ಹಾಕಿಕೊಂಡಳು. ಹೆಬ್ಬೆರಳು ತುದಿಗೆ ಮೆತ್ತಗೆ ತಾಗಿತು, ಹಿಮ್ಮಡಿ ಗೂಡು ಸೇರಿದ ಹಕ್ಕಿಯ ಹಾಗೆ ಕೂತಿತು. ಖುಷಿಯಲ್ಲಿ ಬಾಗಿಲವರೆಗೆ ನಡೆದಳು. ವಾಪಸು ಬರುವಷ್ಟರಲ್ಲಿ ಕಿರುಬೆರಳಿನ ಗೆಣ್ಣಿಗೆ ಬೆಂಕಿ ಬಿದ್ದಿತ್ತು.

ಒಮ್ಮೆ ನಗರದ ಅಂಗಡಿಗೂ ಹೋಗಿ ನೋಡಿದ್ದಳು. ಅಲ್ಲಿಯ ಹುಡುಗ ಅವಳ ಕಾಲನ್ನೇ ನೋಡುತ್ತ, “ಸೆನ್ಯೋರಾ, ಚಿಕ್ಕ ಹುಡುಗರದ್ದು ಅಗಲವಾಗಿರುತ್ತೆ, ತೋರಿಸ್ಲಾ?” ಎಂದು ಕರಡಿಮರಿ ಚಿತ್ರದ ಬೂಟು ತಂದಿಟ್ಟಿದ್ದ. ಅದು ಹಾಸಿಗೆಯಷ್ಟು ಮೆತ್ತಗಿತ್ತು. ಕಡಿದಾದ ಇಳಿಜಾರಿನಲ್ಲಿ ಅದನ್ನು ನಂಬಿದರೆ ಕರಡಿಮರಿಯೇ ಕಾಪಾಡಬೇಕು.

ಸಂಜೆ ಅಡುಗೆಮನೆಯಲ್ಲಿ ಎರ್ಸಿಲಿಯಾ ಅಜ್ಜಿ ಒಲೆಯ ಪಕ್ಕ ಕೂತು ಹೊಸ ಕಾಲುಚೀಲದ ತುದಿ ಮುಗಿಸುತ್ತಿದ್ದಳು. ಪರೀಕ್ಷೆಗೆಂದೇ ಹೆಣೆದದ್ದು, ಮೂರೆಳೆ ಉಣ್ಣೆ, ಅಂಚಿನಲ್ಲಿ ಕೆಂಪು ಮೆಟ್ಟಿಲಿನ ಚಿತ್ತಾರ. ಚಿಕ್ಕಪ್ಪ ಮಾತೆ ಎಂಬ ಎಲೆಚಹಾದ ಬುರುಡೆಗೆ ಬಿಸಿನೀರು ಸುರಿದು ಎಲ್ಲರಿಗೂ ಸರದಿಯಲ್ಲಿ ಕೊಡುತ್ತಿದ್ದ. ಪಕ್ಕದ ಬಾಣಲೆಯಲ್ಲಿ ಹಿಟ್ಟು ಬೀಸಲು ಗೋಧಿ ಹುರಿಯುತ್ತಿತ್ತು.

ದೆಲ್ಮಿರಾ ಮೂರು ಸರದಿ ಕುಡಿದಳು. ನಾಲ್ಕನೆಯದಕ್ಕೆ ಹೇಳಿದಳು. “ಅಜ್ಜಿ, ನಾನು ಬೀಳ್ತಿರೋದು ಕಾಲುಚೀಲದಿಂದ.”

ಸೂಜಿಗಳು ನಿಂತವು.

“ಯಾವ ಕಾಲುಚೀಲ?”

“ಉಣ್ಣೇದು.”

“ನಂದು ಅನ್ನು.”

“ನಿಂದೇ. ದಪ್ಪ ಆಗುತ್ತೆ. ಬೂಟು ದೊಡ್ಡದು, ಚೀಲ ದಪ್ಪ, ಮಧ್ಯೆ ಕಾಲಿಗೆ ಹಿಡಿತ ಇಲ್ಲ. ತೆಳ್ಳಂದು ಒಂದೇ ಒಂದು ಹಾಕ್ಬೇಕು.”

ಚಿಕ್ಕಪ್ಪ ಕೆಟಲಿನೊಳಗೆ ಏನೋ ಬಿದ್ದಿದೆಯೆಂಬಂತೆ ಅದರೊಳಗೇ ನೋಡತೊಡಗಿದ. ಈ ಕಣಿವೆಯಲ್ಲಿ ಎರ್ಸಿಲಿಯಾಳ ಕಾಲುಚೀಲಕ್ಕೆ ಕೊಂಕು ಹೇಳಿದವರು ಇರಲಿಲ್ಲ. ಆಚೆ ದೇಶದ ಗಡಿಕಾವಲಿನವರೂ ಹಿಮ ದಾಟಿ ಬಂದು ಕೊಂಡು ಹೋಗುತ್ತಿದ್ದರು. ಅಜ್ಜಿ ಹೆಣಿಗೆಯನ್ನು ಪಕ್ಕಕ್ಕಿಟ್ಟಳು.

“ಕಾಲು ಇತ್ಲಾಗೆ ಕೊಡು.”

ದೆಲ್ಮಿರಾ ಬರಿಗಾಲನ್ನು ಅಜ್ಜಿಯ ಮಡಿಲಲ್ಲಿಟ್ಟಳು. ಅಜ್ಜಿ ಹಿಮ್ಮಡಿಗೆ ಹೆಬ್ಬೆರಳೂರಿ ಗೇಣು ಹಾಕಿದಳು, ಅಲ್ಲಿಂದ ಮುಂದಕ್ಕೆ ಎರಡು ಬೆರಳು ಅಡ್ಡ ಇಟ್ಟಳು. ಅಲ್ಲಿಗೆ ಕಾಲು ಮುಗಿಯಿತು.

“ಗೇಣು, ಎರಡು ಬೆರಳು. ನೀನು ಮೈ ನೆರೆದ ವರ್ಷದಿಂದ ಇಷ್ಟೇ ಹೆಣೀತಿದ್ದೀನಿ, ಒಂದು ಸುತ್ತು ಜಾಸ್ತಿ ಇಲ್ಲ. ನಮ್ಮ ಲಿಸಾಂದ್ರೊಗೆ ಹತ್ತು ವರ್ಷಕ್ಕೇ ಇದಕ್ಕಿಂತ ಉದ್ದ ಬೇಕಿತ್ತು.” ಆಮೇಲೆ ಮಗ ರುಪೆರ್ತೊನ ಕಡೆ ತಿರುಗಿದಳು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಕಾಲಿಗಿಂತ ದೊಡ್ಡ ಹಾಸಿಗೆ ಹಾಸಿ ಹುಡುಗೀನ ಜಾರಿಸಿದ್ದೀಯಲ್ಲೋ. ಯಾವ ಬೂಟು ಕೊಟ್ಟಿದ್ದೆ?”

“ಮೂವತ್ತೆಂಟು. ಅವಳೇ ಕೇಳ್ತಿದ್ಲು.”

“ನನ್ನ ಕೇಳಿದ್ಯಾ?”

“ಬೂಟಿಗೂ ಕಾಲುಚೀಲಕ್ಕೂ ಅಳತೆ ಬೇರೆ ಅಲ್ವೇನಮ್ಮಾ?”

“ಕಾಲು ಒಂದೇ ಅಲ್ವೇನೋ?”

ದೆಲ್ಮಿರಾಗೆ ನಗು ಬಂತು. ಮೂವತ್ತಾರು ಉದ್ದಕ್ಕೆ ಸರಿ, ಅಗಲಕ್ಕೆ ಕೊಲ್ಲುತ್ತದೆ ಎಂದು ಹೇಳಿದಳು. ಬೂಟಿನ ಒಳಚೀಲ ಬಿಸಿಗೆ ಮೆತ್ತಗಾಗಿ ಕಾಲಿನ ಆಕಾರಕ್ಕೆ ಬರುತ್ತದಂತೆ, ಬಾರಿಲೋಚೆಯಂಥ ದೊಡ್ಡ ಗುಡ್ಡಗಳಲ್ಲಿ ಅದಕ್ಕೆ ಬಿಸಿಗಾಳಿಯ ಯಂತ್ರ ಇದೆ, ನಮ್ಮಲ್ಲಿ ಎಲ್ಲಿಂದ ತರೋದು ಎಂದ ಚಿಕ್ಕಪ್ಪ.

ಅಜ್ಜಿ ಬಾಣಲೆಯ ಗೋಧಿಯನ್ನು ಒಮ್ಮೆ ಕೈಯಾಡಿಸಿ, ಹೊಸ ಕಾಲುಚೀಲದ ತುದಿಯ ಗಂಟು ಕಟ್ಟಿ ದಾರ ಕಡಿದಳು. ಸೌಟಿನಿಂದ ಬಿಸಿ ಗೋಧಿಯನ್ನು ಮೊಗೆದು ಅದರೊಳಗೆ ತುಂಬತೊಡಗಿದಳು.

“ನನ್ನ ಕಾಲುಚೀಲ ನಿನ್ನ ಕಾಲಿಗೆ ಬೇಡ ಅಂದ್ಯಲ್ಲ. ಬೂಟಿಗೇ ಹಾಕ್ತೀನಿ ತಾಳು. ರುಪೆರ್ತೊ, ಹೋಗಿ ತಗೊಂಡ್ ಬಾ.”

“ಅಮ್ಮಾ, ಸುಟ್ಟು ಹೋದ್ರೆ ಸಭೇಲಿ ನಾನು ಉತ್ತರ ಹೇಳ್ಬೇಕು.”

“ನನ್ನ ಮಂಡಿಗೆ ದಿನಾ ಇದೇ ಶಾಖ ಕೊಡ್ತೀನಿ. ಮಂಡಿ ಸುಟ್ಟಿದ್ಯಾ?”

ಚಿಕ್ಕಪ್ಪ ಮೂವತ್ತಾರರ ಬೂಟು ತಂದ. ಗೋಧಿ ತುಂಬಿದ ಎರಡು ಚೀಲಗಳು ಒಳಗೆ ಹೋಗಿ ಬೂಟಿನ ಮೂಗಿನವರೆಗೂ ತುಂಬಿಕೊಂಡವು. ಬೂಟು ಬಿಸಿಯೇರುವಷ್ಟರಲ್ಲಿ ಅಜ್ಜಿ ಹಳೆಯ ಕಂಬಳಿಯಿಂದ ನಾಲ್ಕು ಬಿಲ್ಲೆ ಕತ್ತರಿಸಿ, ಅಲ್ಲಿ ಬೂಟು ಹಿಗ್ಗಲೆಂದು ದೆಲ್ಮಿರಾಳ ಕಿರುಬೆರಳಿನ ಗೆಣ್ಣಿಗೂ ಹೆಬ್ಬೆರಳಿನ ಉಬ್ಬಿಗೂ ಇಟ್ಟು, ಮೇಲೆ ಶಾಲೆಯ ಕಾಲದ ತೆಳು ಕಾಲುಚೀಲ ಏರಿಸಿದಳು. ಗೋಧಿ ಹೊರಗೆ ಬಂತು, ಕಾಲು ಒಳಗೆ ಹೋಯಿತು. ಹುರಿದ ಗೋಧಿಯ ವಾಸನೆ ಮೊಣಕಾಲಿನವರೆಗೂ ಬಂತು.

“ಈಗ ನಿಂತ್ಕೋ. ಆರೋವರೆಗೂ ಅಲುಗಾಡಬೇಡ.”

ಅವಳು ನಿಂತಳು. ಮೊದಲು ಗೆಣ್ಣು ಉರಿಯಿತು. ಆಮೇಲೆ ಬೂಟಿನ ಗೋಡೆ ಸದ್ದಾಗದ ಹಾಗೆ ಕೊಂಚ ಹಿಂದೆ ಸರಿದು ಜಾಗ ಬಿಟ್ಟ ಅನುಭವವಾಯಿತು. ಲಿಸಾಂದ್ರೊ ಒಳಗೆ ಬಂದು ನೋಡಿದ. “ಏನಿದು, ಯಾರು ಶಿಕ್ಷೆ ಕೊಟ್ಟಿದ್ದು ಇವಳಿಗೆ?”

“ಬಾತುಕೋಳಿ ಮೊಟ್ಟೆಗೆ ಕಾವು ಕೊಡ್ತಿದೆ,” ಎಂದಳು ದೆಲ್ಮಿರಾ. ಉತ್ತರ ಸಮಯಕ್ಕೆ ಸರಿಯಾಗಿ ಬಂದದ್ದಕ್ಕೆ ಅವಳೇ ಬೆರಗಾದಳು. ಲಿಸಾಂದ್ರೊ ರೊಟ್ಟಿಗೆ ಕೈ ಹಾಕಿದ.

ಶನಿವಾರ ಬಿಸಿಲಿತ್ತು. ಪೆವೆನ್ ಮರಗಳ ಕೊಂಬೆಗಳಿಂದ ಹಿಮ ಸದ್ದಿಲ್ಲದೆ ಕಳಚುತ್ತಿತ್ತು. ಕೆಳಗೆ ಅಜ್ಜಿ ತೋರ್ತಾ ಕರಿಯುವ ಜಾಗದ ಸುತ್ತ ಊರಿನ ಅರ್ಧ ಜನ ಏನೂ ಆಗುತ್ತಿಲ್ಲವೆಂಬ ಮುಖ ಮಾಡಿಕೊಂಡು ನಿಂತಿದ್ದರು. ಸಭೆಯ ಹಿರಿಯರೂ ಇದ್ದರು. ಗುಡ್ಡದ ಮೇಲೆ ದೆಲ್ಮಿರಾ ಹಲಗೆಗೆ ಬೂಟು ಬಿಗಿದುಕೊಂಡಳು.

ಮೊದಲ ತಿರುವಿಗೆ ಅಭ್ಯಾಸದಂತೆ ಮುಂಚೆಯೇ ಹಿಮ್ಮಡಿ ಎತ್ತಿದಳು. ಹಲಗೆ ತಕ್ಷಣ ಕಚ್ಚಿಕೊಂಡು ಅವಳನ್ನು ಎಣಿಸಿದ್ದಕ್ಕಿಂತ ಬೇಗ ತಿರುಗಿಸಿಬಿಟ್ಟಿತು, ಬೀಳುವುದರಲ್ಲಿದ್ದಳು. ಇಷ್ಟು ವರ್ಷ ಕಿವುಡರೊಂದಿಗೆ ಮಾತಾಡುವ ಹಾಗೆ ಕೂಗುತ್ತಿದ್ದೆ ಎಂದು ಅವಳಿಗೆ ಹೊಳೆಯಿತು. ಎರಡನೆಯದಕ್ಕೆ ಮೆಲ್ಲಗೆ ಹೇಳಿದಳು. ಹಲಗೆ ಕೇಳಿತು. ಹೋದ ವರ್ಷ ಬಿದ್ದ ಜಾಗ ಬಂತು, ನೆಲ ಕಾಲಡಿಯಿಂದ ಜಾರಿ ಕೆಳಗೆ ಹೋಯಿತು. ಬೆರಳುಗಳ ಮೇಲೆ ಭಾರ ಬಿಟ್ಟಳು, ಹಿಮ್ಮಡಿ ಬೂಟನ್ನೂ ಬೂಟು ಹಲಗೆಯನ್ನೂ ಒಂದೇ ಉಸಿರಿಗೆ ಎತ್ತಿದವು. ಅಗಲವಾದ ಪಾದದ ಕೆಳಗೆ ಹಿಮ ಗರಗಸದ ಸದ್ದು ಮಾಡುತ್ತ ಸೀಳಿಕೊಂಡಿತು. ಆ ಅಗಲ ಒಂದು ಅನುಕೂಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಚಿನುದ್ದಕ್ಕೂ ಅವಳು ತನ್ನ ನೆಲದಲ್ಲಿ ನಿಂತಂತೆ ನಿಂತಿದ್ದಳು.

ಕೆಳಗೆ ಮಾಗ್ದಾ ಮೊದಲು ಅವಳ ಮುಖ ನೋಡಲಿಲ್ಲ. ಮಂಡಿಯೂರಿ ಬೂಟಿನ ಮೂಗನ್ನು ಒತ್ತಿದಳು, ಹಿಮ್ಮಡಿ ಹಿಡಿದು ಎಳೆದು ನೋಡಿದಳು.

“ಹೋದ ವರ್ಷದ್ದಲ್ಲ ಇದು. ಎಲ್ಲಿ ಮಾಡಿಸ್ದೆ? ಬಾರಿಲೋಚೆಲಾ?”

ದೆಲ್ಮಿರಾ ಅಜ್ಜಿಯ ಕಡೆ ತಿರುಗಿದಳು. ಆಮೇಲೆ, ತೋರ್ತಾದ ಹೊಗೆಯ ಸುತ್ತ ನಿಂತಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. “ನಮ್ಮನೇಲಿ. ನಮ್ಮಜ್ಜಿ ಮಾಡಿದ್ದು. ಅಲ್ಲಿ ಕರೀತಿದ್ದಾರಲ್ಲ, ಅವರೇ.”

ಮಾಗ್ದಾ ತಿರುಗಿ ನೋಡಿ ತಲೆಯಾಡಿಸಿದಳು. “ಪಾಸು. ಸೋಮವಾರದಿಂದ್ಲೇ ಕಲಿಸು, ರಜೆ ಶುರುವಾಗಿದೆ.”

ಚಿಕ್ಕಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಲಿಸಾಂದ್ರೊ ಯಂತ್ರದ ಹತ್ತಿರ ಬೆನ್ನು ತಿರುಗಿಸಿ ನಿಂತು ತುಂಬಾ ಹೊತ್ತು ಮೂಗು ಒರೆಸಿಕೊಂಡ. ಅಜ್ಜಿ ಎಣ್ಣೆಯಿಂದ ಕಣ್ಣೆತ್ತದೆ ಕೇಳಿದಳು.

“ಏನಂದ್ಳು?”

“ಪಾಸಂತೆ ಅಜ್ಜಿ.”

“ಅದು ನಂಗೂ ಕಾಣ್ತು. ಬೂಟಿಗೆ ಏನಂದ್ಳು?”

“ಬಾರಿಲೋಚೆಲಿ ಮಾಡ್ಸಿದ್ದಾ ಅಂದ್ಲು.”

ಅಜ್ಜಿ ತೋರ್ತಾವನ್ನು ಮಗುಚಿ ಹಾಕಿದಳು. “ಬಾರಿಲೋಚೆ,” ಎಂದು ಒಮ್ಮೆ ಅಂದುಕೊಂಡಳು. ಪಕ್ಕದ ಗಿರಾಕಿಗೆ ಕೊಡುವಾಗ ಇನ್ನೊಮ್ಮೆ ಅಂದಳು.

ಸೋಮವಾರ ಬೆಳಿಗ್ಗೆ ಎಂಟು ಮಕ್ಕಳು ಬಂದರು, ನಾಲ್ಕು ಊರಿನವು, ನಾಲ್ಕು ಪ್ರವಾಸಿಗಳವು. ಬಾಡಿಗೆ ಬೂಟುಗಳನ್ನು ಲೊಟಲೊಟ ಎಳೆದುಕೊಂಡು ಸಾಲಾಗಿ ನಿಂತವು. ದೆಲ್ಮಿರಾ ಬಿಸಿಲಿನಲ್ಲಿ ಕುರಿಚರ್ಮ ಹಾಸಿ ಎಲ್ಲರನ್ನೂ ಕೂರಿಸಿದಳು. “ಬಿಚ್ಚಿ,” ಎಂದಳು.

“ಒಂದು ಗಂಟೆ ಪಾಠ ಇರೋದು, ಜಾರೋದು ಯಾವಾಗ?” ಎಂದು ಹಿಂದೆ ನಿಂತ ತಾಯಿಯೊಬ್ಬಳು ಕೇಳಿದಳು.

“ಮೊದ್ಲು ಕಾಲು ನೋಡೋಣ,” ಎಂದಳು ದೆಲ್ಮಿರಾ.

ಬೂಟುಗಳು ಬಂದವು, ಕಾಲುಚೀಲಗಳು ಬಂದವು, ಒಂದರೊಳಗಿಂದ ಇನ್ನೊಂದು. ಉದ್ದದವು, ಸಪೂರದವು, ಗುಂಡನೆಯವು, ಹದಿನಾರು ಪಾದಗಳು ಬಿಳಿ ಉಣ್ಣೆಯ ಮೇಲೆ ಬೆರಳು ಅಲುಗಿಸುತ್ತ ಕೂತವು. ಎಳೆಹಗ್ಗದ ಖಾಲಿ ಕೊಕ್ಕೆಗಳು ಒಂದರ ಹಿಂದೊಂದು ಗುಡ್ಡ ಹತ್ತಿ ಹೋಗುತ್ತಿದ್ದವು. ಅವಳು ಮಂಡಿಯೂರಿ, ತುದಿಯಲ್ಲಿ ಕೂತ ಹುಡುಗಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅದು ಬೆಚ್ಚಗಾಗುವವರೆಗೆ ಹಾಗೆಯೇ ಇದ್ದಳು.